ಇಡೀ ರಾತ್ರಿಯ ದನಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಗೆ ಹಾಡಿನಲ್ಲೇ ಕಥೆ ನಡೆಯುವ ಆಟ ಹೊಸದಲ್ಲ. ಒಂದು ಕಡೆ ಶ್ರೀಕೃಷ್ಣ ಪಾರಿಜಾತ, ಇನ್ನೊಂದು ಕಡೆ ಮರಾಠಿ ಸಂಗೀತ ನಾಟಕ. ಆ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ದ ಮೂಲಕ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆದ್ದರಿಂದ ಯುರೋಪಿನ ಆಪೆರಾದಲ್ಲಿ ಇಂದು ಬದುಕಿರುವ ಟೆನರ್‌ಗಳ ಪೈಕಿ, ಅಂದರೆ ಎತ್ತರದ ಗಂಡುದನಿಯ ಗಾಯಕನಟರ ಪೈಕಿ, ಯಾರು ದೊಡ್ಡವರು ಎಂಬ ಪ್ರಶ್ನೆಗೆ ನಾವು ಹೊರಗಿನವರಾಗಬೇಕಿಲ್ಲ. ಪಾರಿಜಾತದ ಸತ್ಯಭಾಮೆ ಒಂದು ಪದ ಚೆನ್ನಾಗಿ ಹಾಡಿದರೆ ಸಾಲದು. ಅವಳ ಗರ್ವ, ಹಟ, ವಿರಹ ಮೂರೂ ಒಂದೇ ಕಂಠದಲ್ಲಿ ಬೇರೆಬೇರೆಯಾಗಿ ಕೇಳಬೇಕು, ರಾತ್ರಿ ಸರಿದರೂ ದನಿ ಸೋಲಬಾರದು. ಕೌಜಲಗಿ ನಿಂಗಮ್ಮನ ಹೆಸರು ಪಾರಿಜಾತದ ಜೊತೆಗೇ ಉಳಿದಿರುವುದು ಇಂಥ ಕೇಳುಗರಿಂದ. ಟೆನರ್‌ಗೂ ಇದೇ ಅಳತೆ ಸಲ್ಲಬೇಕು ಎಂಬುದು ನನ್ನ ವಾದ: ಪಾತ್ರವನ್ನು ಮೊದಲ ಪ್ರವೇಶದಿಂದ ಕೊನೆಯವರೆಗೆ ಹಾಡಿ ನಿಲ್ಲಿಸಿದವನೇ ದೊಡ್ಡವನು.

ಆದರೆ ಲೋಕದ ಕಿವಿ ಬೇಗ ಸೋಲುವುದು ತಾರಸ್ವರಕ್ಕೆ. 1972ರಲ್ಲಿ ನ್ಯೂಯಾರ್ಕಿನಲ್ಲಿ ದೊನಿಜೆತ್ತಿಯ ಆಪೆರಾ ಒಂದರಲ್ಲಿ ಲುಚಾನೊ ಪವರೊತ್ತಿ ಒಂದೇ ಹಾಡಿನಲ್ಲಿ ಒಂಬತ್ತು ಸಲ ತಾರಷಡ್ಜ ಮುಟ್ಟಿ ಮನೆಮಾತಾದರು. ಅದೇ ಹಾಡಿಗೆ 2007ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಹುವಾನ್ ದಿಯೆಗೊ ಫ್ಲೋರೆಸ್ ‘ವನ್ಸ್ ಮೋರ್’ ಪಡೆದು, ಮರಳಿ ಹಾಡಬಾರದೆಂಬ ಅಲ್ಲಿಯ ಹಳೆಯ ಕಟ್ಟಳೆಯನ್ನೇ ಮುರಿದರು. ಮರಾಠಿ ರಂಗದ ಗಾಯಕನಟ ಬಾಲಗಂಧರ್ವರ ನಾಟಕಗಳು ಬೆಳಗಿನತನಕ ಬೆಳೆಯುತ್ತಿದ್ದುದೂ ಇಂಥ ವನ್ಸ್ ಮೋರ್‌ಗಳಿಂದಲೇ. ಆ ಉತ್ಸಾಹ ನಿಜ, ಅದನ್ನು ಹಗುರ ಮಾಡಲಾರೆ. ಆದರೂ ಅದು ಸಾಬೀತುಮಾಡುವುದು ಒಂದು ಹಾಡನ್ನು ಮಾತ್ರ. ಇನ್ನು ಹೆಸರಿನ ಮಾತು. 1990ರಲ್ಲಿ ರೋಮಿನ ಬಯಲಿನಲ್ಲಿ ಪವರೊತ್ತಿ, ಪ್ಲಾಸಿದೊ ದೊಮಿಂಗೊ, ಹೊಸೆ ಕರೇರಾಸ್ ಒಟ್ಟಿಗೆ ಹಾಡಿದ್ದನ್ನು ಜಗತ್ತೇ ಕೇಳಿತು. ಕೇಳಿದ್ದು ಮೈಕಿನ ಮೂಲಕ. ಆಪೆರಾ ಮನೆಯಲ್ಲಿ ಮೈಕಿಲ್ಲ. ವಾದ್ಯವೃಂದದ ಬಲ ಕುಗ್ಗುವ 3000 ಹರ್ಟ್ಜ್ ಸುಮಾರಿನಲ್ಲಿ ಗಾಯಕ ತನ್ನ ಕಂಠದ ಹೊಳಪನ್ನು ಕೂಡಿಸಿ, ಅಷ್ಟು ವಾದ್ಯಗಳನ್ನು ದಾಟಿ ಕೊನೆಯ ಸಾಲಿಗೆ ಮುಟ್ಟಬೇಕು. ಧ್ವನಿಮುದ್ರಿಕೆ ಮರೆಮಾಡುವುದು ಈ ಶಕ್ತಿಯನ್ನೇ.

ಹೀಗೆ ಹೇಳಿದರೆ ದೊಡ್ಡ ರಂಗಮಂದಿರಗಳಿಗೆ ಹೋಗಬಲ್ಲ ಉಳ್ಳವರು ಮಾತ್ರ ತೀರ್ಪು ಕೊಡಬಹುದೇ ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಆಕ್ಷೇಪ. ಆದರೆ ಇಡೀ ಆಪೆರಾದ ಮುದ್ರಿಕೆ ಯಾರಿಗಾದರೂ ಸಿಗುತ್ತದೆ. ದನಿಯ ಗಾತ್ರ ಅದರಲ್ಲಿ ತಿಳಿಯದು. ಮಾತಿನ ಸ್ಪಷ್ಟತೆ, ಪಾತ್ರದ ಬೆಳವಣಿಗೆ, ಕೊನೆಯ ಅಂಕದ ಶ್ರುತಿ ತಿಳಿಯುತ್ತವೆ. ಇದೆಲ್ಲ ಬರೀ ಅಭಿರುಚಿ ಎನ್ನುವವರಿಗೆ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರೇ ಉತ್ತರ. ಹುಟ್ಟಿನಿಂದ ಒಲಿದ ಇಂಪಿನ ಕಂಠ ಅವರದಲ್ಲ. ಅಬ್ದುಲ್ ಕರೀಮ್ ಖಾನರ ಬಳಿ ಪಳಗಿಸಿಕೊಂಡದ್ದು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ದನಿ ಗಡುಸಾಗಿ ಗಂಡುದನಿಯಂತೆ ಕೇಳುತ್ತಿತ್ತು. ಇಂಪೊಂದೇ ಅಳತೆಯಾಗಿದ್ದರೆ ಇಬ್ಬರನ್ನೂ ಬಿಟ್ಟುಬಿಡಬೇಕಾಗಿತ್ತು, ಬಲ್ಲವರು ಬಿಡಲಿಲ್ಲ.

‘ಬದುಕಿರುವ’ ಎಂಬ ಷರತ್ತಿನಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ: ಜೀವಮಾನದ ಸಾಧನೆಯೋ, ಇಂದಿನ ಕಂಠವೋ? ಬಾಲಗಂಧರ್ವರು 1967ರವರೆಗೆ ಇದ್ದರು. ದನಿಯ ಉಚ್ಛ್ರಾಯ ಮುಗಿದು ಎಷ್ಟೋ ವರ್ಷಗಳಾಗಿದ್ದರೂ ಅವರ ಸ್ಥಾನವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಜೀವಮಾನದ ಲೆಕ್ಕದಲ್ಲಿ ನಾನು ದೊಮಿಂಗೊ ಅವರನ್ನು ಮುಂದಿಡುತ್ತೇನೆ. ವೆರ್ದಿಯ ಒಥೆಲ್ಲೊ ಪಾತ್ರವನ್ನು 200ಕ್ಕೂ ಹೆಚ್ಚು ಬಾರಿ ಹಾಡಿ, ಆ ಪಾತ್ರ ಕುಸಿಯುವ ಒಂದೊಂದು ಹಂತವನ್ನೂ ಕಿವಿಗೆ ಮುಟ್ಟಿಸಿದವರು ಅವರು. ಇಂದಿನ ಹಾಡಿಕೆಯಲ್ಲಾದರೆ ರೊಸ್ಸೀನಿಯ ಚುರುಕು ಗಮನಕ್ಕೆ ಫ್ಲೋರೆಸ್, ವಾಗ್ನರ್ ಮತ್ತು ವೆರ್ದಿಯ ಭಾರದ ಪಾತ್ರಗಳಿಗೆ ಯೋನಾಸ್ ಕೌಫ್‌ಮನ್. ಇಬ್ಬರಲ್ಲಿ ಒಬ್ಬರನ್ನು ಆರಿಸಲು ಒಲ್ಲೆ; ಇವರ ಪಾತ್ರ ಅವರದಲ್ಲ, ಅವರ ಪಾತ್ರ ಇವರದಲ್ಲ.