ಸೋತ ಬೋರಿನ ಲೆಕ್ಕ ಯಾರು ಹೇಳ್ತಾರೆ?

2016ರಲ್ಲಿ, ಅಂಗೈಲಿ ತೆಂಗಿನಕಾಯಿ ಇಟ್ಟು ನೀರು ನೋಡುವವರೊಬ್ಬರನ್ನು ನಂಬಿ ಎರಡು ಬೋರ್ ಕೊರೆಸಿದೆ. ಎರಡರಲ್ಲೂ ಬಂದದ್ದು ಬರೀ ಧೂಳು. ಸಾಲಕ್ಕೆ ಒಂದು ಜೊತೆ ಎತ್ತು ಹೋದವು.

ನಾನೇನು ಕಣ್ಣು ಮುಚ್ಚಿ ನಂಬಿದವನಲ್ಲ. ನಾಲ್ಕು ಜನರನ್ನು ವಿಚಾರಿಸಿದ್ದೆ. ನಾಲ್ವರೂ 'ಅವರ ಕೈ ಸುಳ್ಳಾಗೋದಿಲ್ಲ' ಅಂದಿದ್ದರು. ಆಮೇಲೆ ಕೆದಕಿ ನೋಡಿದರೆ, ನಾಲ್ವರೂ ಹೇಳಿದ್ದು ಪಕ್ಕದೂರಿನ ಒಂದೇ ತೋಟದ ಸುದ್ದಿ. ಬಾಯಿ ನಾಲ್ಕು, ಸಾಕ್ಷಿ ಮಾತ್ರ ಒಂದು!

ಮಗಳ ಹಳೇ ನೋಟ್‌ಬುಕ್ ಹಿಡಿದು ನಮ್ಮೂರ ಬೋರುಗಳ ಲೆಕ್ಕ ಬರೆಯಲು ಹೊರಟೆ. ಪಾಯಿಂಟ್ ಮಾಡಿದ್ದು ಯಾರು, ಎಷ್ಟು ಅಡಿ, ನೀರು ಬಂತೇ, ಎಷ್ಟು ವರ್ಷ ನಿಂತಿತು? ನೀರು ಬಂದವರು ಕರೆದು ಕೂರಿಸಿ ಹೇಳಿದರು. ಸೋತವರು ಮಾತು ತೇಲಿಸಿದರು. ಅದೇ ಕಾಯಿಯವರು ತೋರಿಸಿದ ಒಣ ಬೋರು ನಮ್ಮೂರಲ್ಲೇ ಮೂರಿದ್ದವು. ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಗೆದ್ದ ಬೋರಿನ ಪಂಪು ಸದ್ದು ಮಾಡುತ್ತೆ, ಸೋತದ್ದು ಸುಮ್ಮನಿರುತ್ತೆ.

ಇನ್ನೊಂದು ಗೊತ್ತಾಯಿತು. ಯಾರನ್ನೂ ಕೇಳದೆ ಅನುಕೂಲವಾದ ಕಡೆ ಕೊರೆಸಿದವರಲ್ಲೂ ಕೆಲವರಿಗೆ ನೀರು ಸಿಕ್ಕಿತ್ತು. ಕಾಯಿ ಎದ್ದು ನಿಂತಲ್ಲಿ ನೀರು ಬಂತು ಅನ್ನೋದಷ್ಟೇ ಸಾಲದು. ಕಾಯಿ ಇಲ್ಲದೆ ಕೊರೆಸಿದಲ್ಲಿ ಎಷ್ಟು ಬಂತು ಅಂತಲೂ ನೋಡಬೇಕು.

ಭೂಮಿಗೆ ಕರೆಂಟು ಹಾಯಿಸಿ ತಡೆ ಅಳೆಯುವ ಯಂತ್ರಕ್ಕೂ ಇದೇ ಪ್ರಶ್ನೆ ಹಾಕಿ. ನಮ್ಮ ಗಟ್ಟಿ ಕಲ್ಲಿನ ಸೀಮೆಯಲ್ಲಿ ನೀರಿರೋದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಆ ಪದರ ಎಷ್ಟು ದಪ್ಪ ಅಂತ ಯಂತ್ರದಿಂದ ಅಂದಾಜು ಸಿಗುತ್ತೆ. ಆಳದ ಸಣ್ಣ ಬಿರುಕು ಅದಕ್ಕೂ ತಪ್ಪಬಹುದು. ಆದರೆ 'ಯಾಕೆ ಇಲ್ಲೇ?' ಅಂತ ಕೇಳಿದರೆ ಅವರು ಒಂದು ಕಾರಣ ಹೇಳುತ್ತಾರೆ. ಕೊರೆದಾಗ ಬಂದ ಕಲ್ಲಪುಡಿ ನೋಡಿ ಅದು ಸರಿಯೋ ತಪ್ಪೋ ಅಂತ ನಾವೇ ತಾಳೆ ಹಾಕಬಹುದು.

ಏಳನೇ ಕ್ಲಾಸು ಓದಿದ ನಾನು ಭೂಮಿಯೊಳಗೆ ಇಣುಕಿ ನೋಡಲಾರೆ. ಹೆಚ್ಚು ಓದಿದವರೂ ಅಷ್ಟೇ. ಇನ್ನೊಬ್ಬರ ಮಾತು ನಂಬಲೇಬೇಕು. ಅಂದಮೇಲೆ ನನ್ನ ತೀರ್ಮಾನ ಸರಿಯಾಗಲು ನನ್ನ ಬುದ್ಧಿಯೊಂದೇ ಸಾಲದು, ಊರಿನವರು ನಿಜ ಹೇಳಬೇಕು. ಮರ್ಯಾದೆಗೆ ಅಂಜಿ ಸೋಲು ಮುಚ್ಚಿಟ್ಟರೆ ಪಕ್ಕದವನ ಎತ್ತನ್ನೂ ಮಾರಿಸಿದ ಹಾಗೆ.

ನನ್ನ ಎರಡು ಒಣ ಬೋರಿನ ಲೆಕ್ಕ ಒಪ್ಪಿಸಿದ್ದೇನೆ. ನಿಮ್ಮದನ್ನೂ ಬರೆಯಿರಿ. ನಿಮ್ಮೂರಲ್ಲಿ ಮುಂದೆ ಕೊರೆಸುವವನಿಗಾದರೂ ಉಪಯೋಗ ಆದೀತು.