ಮಗುವಿನ ಹೆಸರಿಗೆ ಬರೆದ ಸಾಲ

ಹೆಂಡತಿ ತೀರಿಕೊಂಡಳು. ಮನೆಯಲ್ಲಿ ಎರಡು ಎಳೆಯ ಮಕ್ಕಳು. ಗಂಡ ಬೆಳಗಿನ ಪಾಳಿಗೆ ಗಿರಣಿಗೆ ಹೋಗಲೇಬೇಕು. ತೀರಿಕೊಂಡವಳ ತಂಗಿ ಬಂದು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ವರ್ಷ ಕಳೆದ ಮೇಲೆ ಹಿರಿಯರು ಕೂತು, "ಅವಳನ್ನೇ ತಂದುಕೋ, ಮಕ್ಕಳಿಗೆ ತಾಯಿಯೂ ಆದಾಳು" ಎನ್ನುತ್ತಾರೆ. ನಮ್ಮ ಕಡೆ ಇದು ಯಾರಿಗೂ ಹೊಸ ಮಾತಲ್ಲ. ಆದರೆ ಇಂಗ್ಲೆಂಡಿನಲ್ಲಿ ೧೮೩೫ರಿಂದ ೧೯೦೭ರ ವರೆಗೆ, ಎಪ್ಪತ್ತೆರಡು ವರ್ಷ, ಇಂಥ ಮದುವೆ ಮದುವೆಯೇ ಆಗಿರಲಿಲ್ಲವೆಂದರೆ ನಂಬುವಿರಾ?

ಅಲ್ಲಿನ ಚರ್ಚಿನ ವಾದ ಹೀಗಿತ್ತು: ಗಂಡ ಹೆಂಡತಿ ಒಂದೇ ದೇಹ; ಆದ್ದರಿಂದ ಹೆಂಡತಿಯ ತಂಗಿ ಗಂಡನಿಗೂ ತಂಗಿಯೇ. ಯಾರು ಯಾರನ್ನು ಮದುವೆಯಾಗಬಾರದೆಂಬ ಪಟ್ಟಿಯೊಂದು ೧೫೬೩ರಲ್ಲಿ ಸಿದ್ಧವಾಯಿತು. ಅದನ್ನು ಚರ್ಚುಗಳ ಗೋಡೆಗೆ ತೂಗುಹಾಕಿದರು. ಆದರೂ ಇಂಥ ಮದುವೆಯನ್ನು ದಂಪತಿಗಳಿಬ್ಬರೂ ಬದುಕಿರುವಾಗಲೇ ಯಾರಾದರೂ ಚರ್ಚಿನ ನ್ಯಾಯಾಲಯಕ್ಕೆ ಎಳೆದು ರದ್ದು ಮಾಡಿಸದಿದ್ದರೆ ಅದು ಉಳಿದುಕೊಳ್ಳುತ್ತಿತ್ತು.

೧೮೩೫ರಲ್ಲಿ ಲಾರ್ಡ್ ಲಿಂಡ್‌ಹರ್ಸ್ಟ್ ಒಂದು ಕಾಯಿದೆ ತಂದರು. ಬೋಫರ್ಟ್ ಎಂಬಲ್ಲಿನ ಡ್ಯೂಕ್ ತೀರಿಹೋದ ಹೆಂಡತಿಯ ಮಲತಂಗಿಯನ್ನು ೧೮೨೨ರಲ್ಲಿ ಮದುವೆಯಾಗಿದ್ದ. ಅವನ ಮಗನ ಪದವಿ ಆಸ್ತಿಗಳಿಗೆ ಕುತ್ತು ಬಾರದಿರಲೆಂದೇ ಈ ಕಾಯಿದೆ ಹುಟ್ಟಿತೆಂದು ಹೇಳುತ್ತಾರೆ. ಅಲ್ಲಿಯ ವರೆಗೆ ನಡೆದುಹೋಗಿದ್ದ ಮದುವೆಗಳು ಭದ್ರವಾದವು. ಮುಂದೆ ನಡೆಯುವುದೆಲ್ಲ ಶೂನ್ಯವೆಂದು ಸಾರಲಾಯಿತು. ದೊಡ್ಡವರು ಒಳಗೆ ಹೋದರು, ಬಾಗಿಲು ಮುಚ್ಚಿತು!

ಮುಚ್ಚಿದ ಬಾಗಿಲೂ ಎಲ್ಲರಿಗೆ ಒಂದೇ ಆಗಿರಲಿಲ್ಲ. ಹೆಸರಾಂತ ಚಿತ್ರಕಾರ ವಿಲಿಯಂ ಹೋಲ್ಮನ್ ಹಂಟ್ ೧೮೭೫ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ನಾದಿನಿಯನ್ನು ಮದುವೆಯಾದ. ಇನ್ನೊಬ್ಬ ಚಿತ್ರಕಾರ ಜಾನ್ ಕಾಲಿಯರ್ ೧೮೮೯ರಲ್ಲಿ ನಾರ್ವೆಗೆ ಹೋದ. ತಮ್ಮ ದೇಶದ ಕಾಯಿದೆ ಒಪ್ಪದಿದ್ದರೂ ಸಮಾಜದ ಮುಂದೆ ತೋರಿಸಲು ಅವರಿಗೊಂದು ಕಾಗದ ಸಿಕ್ಕಿತು. ಮಕ್ಕಳ ಹೆಸರಿಗೆ ಉಯಿಲು ಬರೆಯಲು ಹಣವಿತ್ತು. ಹಡಗಿನ ಟಿಕೀಟಿಗೆ ಕಾಸಿಲ್ಲದ ನೇಕಾರ ಏನು ಮಾಡಬೇಕು? ಗುರುತು ಪರಿಚಯವಿಲ್ಲದ ಪಟ್ಟಣದಲ್ಲಿ ಸದ್ದಿಲ್ಲದೆ ಮದುವೆಯಾಗಬೇಕು. ಇಲ್ಲವೆ ಮದುವೆಯಿಲ್ಲದೆ ಬಾಳಿ ಊರವರ ಮಾತು ಕೇಳಬೇಕು.

ಈ ಲೆಕ್ಕ ಕೊನೆಗೆ ತೀರಿದ್ದು ಮಕ್ಕಳ ತಲೆಯ ಮೇಲೆ. ವಿಲಿಯಂ ಲೀ ಬ್ರೂಕ್ ಎಂಬಾತ ೧೮೫೦ರಲ್ಲಿ ಆಗಿನ ಡೆನ್ಮಾರ್ಕಿಗೆ ಹೋಗಿ ತೀರಿಕೊಂಡ ಹೆಂಡತಿಯ ಸೋದರಿಯನ್ನು ಮದುವೆಯಾದ. ಮಕ್ಕಳಾದವು. ೧೮೫೫ರಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಆಸ್ತಿಯ ವ್ಯಾಜ್ಯ ಮೇಲೇರಿ ೧೮೬೧ರಲ್ಲಿ ಪ್ರಭುಗಳ ಸಭೆ ತೀರ್ಪಿತ್ತಿತು: ಡೆನ್ಮಾರ್ಕಿನಲ್ಲಿ ಆದರೂ ಅದು ಮದುವೆಯಲ್ಲ, ಮಕ್ಕಳು ಸಕ್ರಮ ಸಂತಾನವಲ್ಲ. ತಬ್ಬಲಿಗಳಾದ ಆ ಮಕ್ಕಳು ಮಾಡಿದ ಅಪರಾಧವೇನು?

ಇಂದು ಅಂಥ ಮನೆತನಗಳ ಮರಿಮಕ್ಕಳು ವಂಶವೃಕ್ಷ ಹುಡುಕುತ್ತ ಹಳೆಯ ದಾಖಲೆ ತೆರೆಯುತ್ತಾರೆ. ಅಲ್ಲಿ ಮದುವೆಗಳ ಸರ್ಕಾರಿ ನೋಂದಣಿ ೧೮೩೭ರಿಂದ ಇದೆ. ಮನೆಯ ಯಜಮಾನನಿಗೆ ಯಾರು ಏನಾಗಬೇಕೆಂಬುದನ್ನು ೧೮೫೧ರಿಂದ ಜನಗಣತಿಯಲ್ಲಿ ಬರೆದಿದ್ದಾರೆ. ಒಂದು ಗಣತಿಯಲ್ಲಿ ನಾದಿನಿ. ಹತ್ತು ವರ್ಷದ ಮೇಲೆ ಅದೇ ಹೆಸರಿನ ಹೆಂಗಸು ಹೆಂಡತಿ. ಇಬ್ಬರು ಹೆಂಡಿರ ತಂದೆಯ ಹೆಸರೂ ಒಂದೇ, ಕಸುಬೂ ಒಂದೇ. ಮದುವೆ ನಡೆದದ್ದು ಮಾತ್ರ ದೂರದ ಊರಿನಲ್ಲಿ. ಕೆಲವೊಮ್ಮೆ ಮದುವೆಯ ದಾಖಲೆಯೇ ಇಲ್ಲ. ಅಜ್ಜಿ ನಡತೆಗೆಟ್ಟವಳೆಂದು ಮರಿಮಗ ತಲೆ ತಗ್ಗಿಸಬೇಕಾಗಿಲ್ಲ. ಕಿರ್ದಿ ಖಾತೆ ಬಲ್ಲ ವ್ಯಾಪಾರಿಗೆ ಇದು ಗೊತ್ತು: ಖಾತೆ ಬರೆಯುವವನೇ ಅನ್ಯಾಯ ಮಾಡಿದರೆ ಸಾಲ ಯಾರ ಹೆಸರಿಗೂ ಏರಬಹುದು. ಆ ಕಳಂಕ ಅಜ್ಜಿಯದಲ್ಲ, ಕಾಯಿದೆಯದು.

ಕೆಳಮನೆ ಹಲವು ಬಾರಿ ಒಪ್ಪಿದ ತಿದ್ದುಪಡಿಯನ್ನು ಪ್ರಭುಗಳೂ ಬಿಷಪ್ಪರೂ ಮೇಲ್ಮನೆಯಲ್ಲಿ ತಡೆದರು. ೧೯೦೭ರಲ್ಲಿ ಬಾಗಿಲು ತೆರೆಯಿತು, ಅದೂ ಅರ್ಧ. ಗಂಡಸು ಸತ್ತ ಹೆಂಡತಿಯ ಸೋದರಿಯನ್ನು ಮದುವೆಯಾಗಬಹುದಾಯಿತು. ವಿಧವೆ ಸತ್ತ ಗಂಡನ ಸೋದರನನ್ನು ಆಗುವಂತಿರಲಿಲ್ಲ. ಅವಳು ೧೯೨೧ರ ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಸಾವಿರಾರು ಮನೆಗಳಲ್ಲಿ ವಿಧವೆಯರನ್ನು ಬಿಟ್ಟುಹೋಗಿತ್ತು.

ಇಂಗ್ಲೆಂಡಿನ ಕಥೆ ನಮಗೇಕೆ ಎನ್ನಬೇಡಿ. ಮೊದಲ ಹೆಂಡತಿ ಬದುಕಿರುವಾಗಲೇ ಕಟ್ಟಿಕೊಂಡವಳ ಮದುವೆ ನಮ್ಮ ಹಿಂದೂ ವಿವಾಹ ಕಾಯಿದೆಯಲ್ಲೂ ಶೂನ್ಯವೇ. ಅದು ಸರಿಯೇ, ಇಬ್ಬರು ಹೆಣ್ಣುಮಕ್ಕಳಿಗೆ ಮೋಸ ಮಾಡಿದವನನ್ನು ಈ ಪತ್ರಿಕೆ ವಹಿಸಿಕೊಳ್ಳುವುದಿಲ್ಲ. ಆದರೆ ಆ ಮಗು? ೧೯೭೬ರ ತಿದ್ದುಪಡಿ ಅಂಥ ಮಗುವನ್ನು ಸಕ್ರಮವೆಂದಿತು. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ೨೦೨೩ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆ ಅಥವಾ ತಾಯಿಯ ಪಾಲಿಗೆ ಬರುವುದರಲ್ಲಿ ಆ ಮಗುವಿಗೂ ಹಕ್ಕುಂಟೆಂದಿತು. ಇದು ಒಳ್ಳೆಯ ಹೆಜ್ಜೆ.

ಆದರೆ ತೀರ್ಪು ದೆಹಲಿಯಲ್ಲಿ ಬಂದರೆ ಸಾಲದು, ನಮ್ಮ ಬೀದಿಗೂ ಬರಬೇಕು. ಶಾಲೆಯಲ್ಲಿ ಹೆಸರು ಬರೆಸುವಾಗ, ಹೆಣ್ಣು ಗಂಡು ಕೇಳುವಾಗ, ಪಾಲು ಹಂಚುವಾಗ "ಅವನು ಎಲ್ಲಿ ಹುಟ್ಟಿದವನು" ಎಂದು ಕೊಂಕು ನುಡಿಯುವ ನಾಲಿಗೆ ನಮ್ಮಲ್ಲೇ ಇದೆ. ದೊಡ್ಡವರ ತಪ್ಪು ದೊಡ್ಡವರ ಲೆಕ್ಕಕ್ಕೆ ಹೋಗಲಿ. ಮಗುವಿನ ಖಾತೆಯ ಪುಟ ಬಿಳಿಯಾಗಿಯೇ ಇರಲಿ.