ವಿಶೇಷ ಏನೂ ಇಲ್ಲ

ಇನ್‌ಲ್ಯಾಂಡ್ ಪತ್ರದ ಕಾಲದಲ್ಲಿ ಗೆಳೆಯರ ಕಾಗದಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತಿದ್ದವು. ಮೇಲೆ ನಡುವಿನಲ್ಲಿ ಒಂದು ‘ಶ್ರೀ’, ಬಲಗಡೆ ಊರು, ತಾರೀಖು. ‘ನಾನು ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರು’ ಎಂದು ಆರಂಭ. ಆಮೇಲೆ ಮಳೆ, ಬೆಳೆ, ವರ್ಗಾವಣೆ, ಮಕ್ಕಳ ಪರೀಕ್ಷೆ. ಕೊನೆಗೆ ‘ಮತ್ತೇನೂ ವಿಶೇಷವಿಲ್ಲ’. ತಮಾಷೆಯೆಂದರೆ, ವಿಶೇಷವಿಲ್ಲ ಎಂದು ಬರೆದ ಮೇಲೆಯೇ ನಿಜವಾದ ಸುದ್ದಿ ಶುರುವಾಗುತ್ತಿತ್ತು. ಅಂಟು ಹಚ್ಚುವ ಅಂಚಿನ ಪಕ್ಕದಲ್ಲಿ, ಮಡಿಕೆಯ ಸಂದಿಯಲ್ಲಿ, ಕಾಗದವನ್ನು ಅಡ್ಡ ತಿರುಗಿಸಿಕೊಂಡು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದದ್ದು: ‘ಕೆಂದ ಹಸು ಹೆಣ್ಣುಗರು ಹಾಕಿದೆ. ನೀನು ಕೊಟ್ಟ ದಾಸವಾಳದ ಕಡ್ಡಿ ಚಿಗುರಿದೆ. ಹಲ್ಲುನೋವು ವಾಸಿ.’

ಇಂಥ ಸಣ್ಣ ಸುದ್ದಿಗೆ ಅಂಚೆ ಇಲಾಖೆ ಅಗ್ಗದ ದಾರಿ ಮಾಡಿಕೊಟ್ಟಿತ್ತು. ಲೋಕದ ಮೊದಲ ಸರಕಾರಿ ಅಂಚೆ ಕಾರ್ಡು ಹೊರಟದ್ದು 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ-ಹಂಗೆರಿಯಲ್ಲಿ. ಹತ್ತು ವರ್ಷ ತುಂಬುವುದರೊಳಗೆ, 1879ರ ಜುಲೈ 1ರಂದು, ಅದು ಭಾರತಕ್ಕೂ ಬಂತು; ಬೆಲೆ ಕಾಲಾಣೆ. ಕಾರ್ಡಿನಲ್ಲಿ ಗುಟ್ಟೆಂಬುದಿಲ್ಲ. ಊರವರೆಲ್ಲ ಓದಬಾರದ ಮಾತುಗಳಿಗಾಗಿ ಮಡಿಸಿ ಅಂಟಿಸುವ ಇನ್‌ಲ್ಯಾಂಡ್ ಪತ್ರ 1950ರ ಅಕ್ಟೋಬರ್ 2ರಂದು ಬಂತು. ತಂತಿಯ ಜಾತಿಯೇ ಬೇರೆ. ಅಲ್ಲಿ ಪದ ಲೆಕ್ಕ ಹಾಕಿ ದುಡ್ಡು ಕೊಡಬೇಕು. ಹಸು ಕರು ಹಾಕಿತೆಂದು ಯಾರು ತಂತಿ ಕೊಟ್ಟಾರು? ಆದ್ದರಿಂದಲೇ ತಂತಿಯವನ ಸೈಕಲ್ಲು ಬಾಗಿಲಲ್ಲಿ ನಿಂತರೆ ಲಕೋಟೆ ಒಡೆಯುವ ಮೊದಲೇ ಎಷ್ಟೋ ಮನೆಗಳಲ್ಲಿ ಅಳು ಶುರುವಾಗುತ್ತಿತ್ತು. ತಂತಿ ದೊಡ್ಡ ಸುದ್ದಿಗೆ, ಕಾರ್ಡು ಸಣ್ಣ ಸುದ್ದಿಗೆ. ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಕಾರ್ಡು ಉಳಿದಿದೆ, ಬರೆಯುವವರು ಕಡಿಮೆ.

ಸಣ್ಣ ಮಾತಿನ ಬೆಲೆಯನ್ನು ಪಂಡಿತರೂ ಗುರುತಿಸಿದ್ದಾರೆ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ 1923ರ ಒಂದು ಪ್ರಬಂಧದಲ್ಲಿ ಹವೆಯ ಮಾತು, ಆರೋಗ್ಯದ ವಿಚಾರಣೆ ಇವುಗಳಿಗೆ ಒಂದು ಹೆಸರನ್ನೇ ಕಟ್ಟಿಕೊಟ್ಟ. ಅಂಥ ಮಾತಿನ ಕೆಲಸ ವಿಷಯ ತಿಳಿಸುವುದಲ್ಲ, ನಂಟು ಕಟ್ಟುವುದು ಎಂದು ಅವನ ವಾದ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಊಟ ಆಯ್ತಾ?’ ಎಂದು ಕೇಳಿದವರು ಎಲೆ ಹಾಕಿಕೊಂಡು ಕಾಯುತ್ತಿರುವುದಿಲ್ಲ. ‘ಆಯ್ತು, ನಿಮ್ದು?’ ಎಂದವರು ಹಸಿದಿರಲೂಬಹುದು. ಆದರೂ ಆ ಎರಡು ಮಾತು ಆಡದೆ ಮುಂದೆ ಹೋದರೆ ಏನೋ ತಪ್ಪಿದಂತೆ ಆಗುತ್ತದೆ.

ಬೀಳ್ಕೊಡುಗೆಯಲ್ಲೂ ಹೀಗೆಯೇ. ಹೊರಟವರು ‘ಹೋಗ್ತೀನಿ’ ಎನ್ನುವಂತಿಲ್ಲ. ಎಂದರೆ ಮನೆಯ ಹಿರಿಯರು ಅಲ್ಲಿಯೇ ತಿದ್ದುತ್ತಾರೆ. ‘ಬರ್ತೀನಿ’ ಎನ್ನಬೇಕು. ವರ್ಗವಾದ ಗೆಳೆಯನಿಗೆ ಹಾರ ಹಾಕಿ, ಗ್ರೂಪ್ ಫೋಟೋ ತೆಗೆಸಿ, ಟ್ರಂಕನ್ನು ಬಸ್ಸಿನ ಮೇಲಕ್ಕೆ ಏರಿಸಿದ ಮೇಲೆ ಕಿಟಕಿ ಹಿಡಿದು ಹೇಳುತ್ತಿದ್ದದ್ದು ಒಂದೇ ಮಾತು: ‘ತಲಪಿದ ಕೂಡಲೇ ಕಾಗದ ಹಾಕು.’ ‘ಬರ್ತೀನಿ’ ಎಂಬುದು ಸಾಲವಾದರೆ ಆಗಾಗ ಬರೆಯುವ ಕಾಗದ ಅದರ ಕಂತು. ಕಂತು ತಪ್ಪಿದರೆ ಏನಾಗುತ್ತದೆ?

ಇಬ್ಬರು ಗೆಳೆಯರು ಇದ್ದರೆನ್ನಿ. ಒಬ್ಬ ಸಾಗರದಲ್ಲಿ ಮೇಷ್ಟ್ರು. ಇನ್ನೊಬ್ಬ ಹೊಟ್ಟೆಪಾಡಿಗೆ ಮುಂಬಯಿ ಸೇರಿದ ಗುಮಾಸ್ತ. ಮೊದಲ ವರ್ಷ ವಾರಕ್ಕೊಂದು ಕಾಗದ. ಆಮೇಲೆ ತಿಂಗಳಿಗೊಂದು. ಆಮೇಲೆ ಯುಗಾದಿಗೆ, ದೀಪಾವಳಿಗೆ. ಆಮೇಲೆ ಅದೂ ಇಲ್ಲ. ಜಗಳವೇನೂ ಆಗಲಿಲ್ಲ. ‘ಬರೆಯಲು ವಿಶೇಷವೇನಿದೆ?’ ಎಂದು ಇವನು ಸುಮ್ಮನಾದ. ಅವನೂ ಹಾಗೆಯೇ ಅಂದುಕೊಂಡ. ಇಬ್ಬರೂ ವಿಶೇಷಕ್ಕಾಗಿ ಕಾದರು. ಕಡೆಗೆ ಅದು ಬಂತು, ಮೂಲೆಗೆ ಕಪ್ಪು ಮಸಿ ಹಚ್ಚಿದ ಕಾರ್ಡಿನ ರೂಪದಲ್ಲಿ. ಮೇಷ್ಟ್ರು ಅದನ್ನು ಅಂಗಳದಲ್ಲೇ ನಿಂತು ಓದಿದರು. ಹಿಂದಿನವರು ಮಾಡುತ್ತಿದ್ದಂತೆ ಹರಿದು ಹಾಕಿ ಒಳಗೆ ಬಂದರು. ತೀರಿಕೊಂಡ ದಿನ, ವೈಕುಂಠ ಸಮಾರಾಧನೆಯ ದಿನ ಎರಡೂ ಅದರಲ್ಲಿ ಇದ್ದವು. ಗೆಳೆಯನಿಗೆ ಕಣ್ಣಿನ ಆಪರೇಷನ್ ಆದದ್ದು, ಕಾಫಿ ಬಿಟ್ಟದ್ದು, ಹಾರ್ಮೋನಿಯಂ ಕಲಿಯಲು ಹೊರಟು ನಗೆಪಾಟಲಾದದ್ದು ಯಾವುದೂ ಇರಲಿಲ್ಲ. ಸಾವಿನ ಸುದ್ದಿ ಹೇಗೂ ತಲಪುತ್ತದೆ. ತಲಪದೆ ಹೋದದ್ದು ಬದುಕಿನ ಸುದ್ದಿ.

ಈಗ ಸುದ್ದಿ ಕಳಿಸಲು ಕಾಲಾಣೆಯೂ ಬೇಡ, ಜೇಬಿನಲ್ಲೇ ಅಂಚೆಕಚೇರಿ ಇದೆ. ನಲವತ್ತು ವರ್ಷದ ಹಿಂದಿನ ಸಹಪಾಠಿಗಳೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಕ್ಕಿದ್ದಾರೆ. ಆದರೆ ಅಂಥ ಅನೇಕ ಗುಂಪುಗಳಲ್ಲಿ ಓಡಾಡುವುದು ಯಾರೋ ಮಾಡಿದ ಸೂರ್ಯೋದಯದ ಚಿತ್ರ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ಒಂದು ದಿನ ಇದ್ದಕ್ಕಿದ್ದಂತೆ ‘ಓಂ ಶಾಂತಿ’ಯ ಸಾಲು. ಕಾರ್ಡಿನ ಸೌಕರ್ಯ ಇದ್ದೂ ತಂತಿಯ ಜಿಪುಣತನ. ಹಲ್ಲುನೋವಿಗೂ ದಾಸವಾಳಕ್ಕೂ ಅಲ್ಲಿ ಜಾಗವಿಲ್ಲ.

ಇದರ ಹಿಂದೆ ಇರುವುದು ಅಹಂಕಾರವಲ್ಲ, ಸಂಕೋಚ. ‘ಇಷ್ಟು ವರ್ಷ ಬಿಟ್ಟು ಈಗ ಮಾತಾಡಿಸಿದರೆ ಏನೆಂದುಕೊಂಡಾನೋ’ ಎಂಬ ಅಳುಕು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪೆಗ್ಗಿ ಲಿಯು ಮತ್ತು ಸಂಗಡಿಗರು 5,900ಕ್ಕೂ ಹೆಚ್ಚು ಜನರನ್ನು ಒಳಗೊಂಡ ಪ್ರಯೋಗಗಳಲ್ಲಿ ಈ ಅಳುಕನ್ನೇ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾತಾಡಿಸುವವರು ಎಣಿಸಿದ್ದಕ್ಕಿಂತ ಮಾತಾಡಿಸಿಕೊಂಡವರಿಗೆ ಹೆಚ್ಚು ಸಂತೋಷವಾಗಿತ್ತು. ಅನಿರೀಕ್ಷಿತವಾಗಿದ್ದಷ್ಟೂ ಆ ಸಂತೋಷ ಹೆಚ್ಚು. ಅಂದರೆ ವರ್ಷಗಟ್ಟಲೆ ಸುಮ್ಮನಿದ್ದದ್ದು ಇನ್ನೂ ಸುಮ್ಮನಿರುವುದಕ್ಕೆ ಕಾರಣವಾಗಬೇಕಾಗಿಲ್ಲ.

ಸಾಗರದ ಮೇಷ್ಟ್ರು ಆ ಸಂಜೆ ಬಹಳ ಹೊತ್ತು ಜಗಲಿಯಲ್ಲಿ ಕುಳಿತಿದ್ದರು. ಆಮೇಲೆ ಹಾಸ್ಟೆಲಿನ ಮೂರನೆಯ ಗೆಳೆಯನ ನಂಬರು ಹುಡುಕಿ ಫೋನು ಮಾಡಿದರು. ಆ ಕಡೆಯ ದನಿ ಹೆದರಿಕೊಂಡೇ ಕೇಳಿತು: ‘ಏನಪ್ಪಾ, ಇದ್ದಕ್ಕಿದ್ದ ಹಾಗೆ? ಏನು ವಿಶೇಷ?’

ಇವರು ಒಂದು ಕ್ಷಣ ತಡೆದರು. ಮುಂಬಯಿಯ ಸುದ್ದಿ ಹೇಳಲೇಬೇಕು, ಆದರೆ ಅದರಿಂದಲೇ ಶುರುಮಾಡಲು ಮನಸ್ಸು ಬರಲಿಲ್ಲ.

‘ವಿಶೇಷ ಏನೂ ಇಲ್ಲ ಮಾರಾಯ, ಸುಮ್ಮನೆ ಮಾಡಿದೆ. ಊಟ ಆಯ್ತಾ?’